ನಿಮಗಿದು ಗೊತ್ತೇ? ಟ್ಯೂಬಿನೊಳಗೊಂದು ಕೆನೆ, ಡಬ್ಬಿಯೊಳಗೊಂದು ಬೆಣ್ಣೆ

ಕ್ರೀಮು ಅಂದರೆ ಕೆನೆ. ಹೆಸರಷ್ಟೇ ಅಲ್ಲ, ಒಳಗಿನ ಕಟ್ಟೂ ಅದೇ. ಹಾಲಿನ ಕೆನೆಯಲ್ಲಿ ನೀರಿನ ನಡುವೆ ಕೊಬ್ಬಿನ ಸಣ್ಣ ಸಣ್ಣ ಹನಿಗಳು ತೇಲುತ್ತಿರುತ್ತವೆ. ಅದನ್ನು ಕಡೆದು ಬೆಣ್ಣೆ ತೆಗೆದರೆ ಲೆಕ್ಕ ತಿರುಗುಮುರುಗಾಗುತ್ತದೆ: ಈಗ ಕೊಬ್ಬಿನ ನಡುವೆ ನೀರಿನ ಹನಿಗಳು. ಬೆಣ್ಣೆ ಕಾಯಿಸಿದರೆ ನೀರೆಲ್ಲ ಹಾರಿಹೋಗಿ ತುಪ್ಪ ಉಳಿಯುತ್ತದೆ. ಮೆಡಿಕಲ್ ಶಾಪಿನ ಕಪಾಟಿನಲ್ಲಿ ಇರುವುದೂ ಹೆಚ್ಚುಕಡಿಮೆ ಈ ಮೂರೇ ಜಾತಿ. ಹಚ್ಚಿದ ಕೂಡಲೇ ಮಾಯವಾಗುವ ವ್ಯಾನಿಶಿಂಗ್ ಕ್ರೀಮು ಕೆನೆಯ ಜಾತಿ. ಡಿಸೆಂಬರಿನ ಚಳಿಗೆ ಬಳಿದುಕೊಳ್ಳುವ ಜಿಡ್ಡುಜಿಡ್ಡಾದ ಕೋಲ್ಡ್ ಕ್ರೀಮು ಬೆಣ್ಣೆಯ ಜಾತಿ. ನೀರಿನ ಸೋಂಕೇ ಇಲ್ಲದ ವ್ಯಾಸಲಿನ್, ಮುಲಾಮುಗಳು ತುಪ್ಪದ ಜಾತಿ. ಲೋಷನ್ ಯಾವುದು ಎನ್ನುತ್ತೀರಾ? ಕೆನೆಗೆ ಇನ್ನಷ್ಟು ನೀರು ಬೆರೆಸಿದ್ದು, ಹಾಲು ಅಂದುಕೊಳ್ಳಿ.

ತುಪ್ಪ ತಿಂಗಳುಗಟ್ಟಲೆ ಕೆಡುವುದಿಲ್ಲ, ಕೆನೆ ಎರಡೇ ದಿನಕ್ಕೆ ಹುಳಿ ನಾತ ಹೊಡೆಯುತ್ತದೆ. ನೀರಿದ್ದಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಬಂದೇ ಬರುತ್ತವೆ. ವ್ಯಾಸಲಿನ್ ಡಬ್ಬಿಗೆ ಸಂರಕ್ಷಕ ಬೇಕಾಗದೆ, ಕ್ರೀಮಿಗೆ ಪ್ಯಾರಾಬೆನ್, ಫೀನಾಕ್ಸಿಎಥನಾಲ್‌ನಂಥವು ಬೇಕಾಗುವುದು ಇದಕ್ಕೇ. ಕೆಲವು ಡಬ್ಬಿಗಳ ಹಿಂದೆ ಮುಚ್ಚಳ ತೆರೆದ ಪುಟ್ಟ ಭರಣಿಯ ಚಿತ್ರ, ಅದರೊಳಗೆ 12ಎಂ ಎಂದು ಬರೆದಿರುವುದನ್ನು ನೋಡಿರಬಹುದು. ಮುಚ್ಚಳ ತೆಗೆದ ಮೇಲೆ 12 ತಿಂಗಳೊಳಗೆ ಮುಗಿಸಿ ಎಂದು ಅರ್ಥ. ನಮ್ಮ ಮನೆಯಲ್ಲಿ ಮದುವೆಗೆ ಬಂದ ಉಡುಗೊರೆ ಡಬ್ಬಿ ಮಗಳ ನಾಮಕರಣದವರೆಗೂ ಬಾಳಿತ್ತು, ಆ ಮಾತು ಬೇರೆ.

ಒಂದೇ ಔಷಧ ಒಂದು ಟ್ಯೂಬಿನಲ್ಲಿ ಕ್ರೀಮಾಗಿ, ಇನ್ನೊಂದರಲ್ಲಿ ಮುಲಾಮಾಗಿ ಬರುತ್ತದೆ. ಎರಡೂ ಒಂದೇ ಎಂದುಕೊಳ್ಳಬೇಡಿ. ಒಣಗಿ, ದಪ್ಪಗಟ್ಟಿ, ಬಿರಿದ ಚರ್ಮಕ್ಕೆ ಮುಲಾಮು ಹೊಂದುತ್ತದೆ. ಒಸರುವ ಇಸುಬಿಗೆ, ಮಡಿಕೆಗಳಿಗೆ ಕ್ರೀಮು. ಕೂದಲಿರುವ ಕಡೆಗೆ ಲೋಷನ್. ಮುಲಾಮು ಚರ್ಮದ ಮೇಲೆ ಮುಚ್ಚಳ ಹಾಕಿದಂತೆ ಕೂರುವುದರಿಂದ ಅದೇ ಪ್ರಮಾಣದ ಔಷಧ ಸಾಮಾನ್ಯವಾಗಿ ಹೆಚ್ಚು ಒಳಗಿಳಿಯುತ್ತದೆ.

ಆಯುರ್ವೇದದಲ್ಲಿ ಶತಧೌತ ಘೃತ ಎಂಬುದೊಂದಿದೆ. ಹೆಸರೇ ಹೇಳುವಂತೆ ನೂರು ಸಲ ತೊಳೆದ ತುಪ್ಪ. ತಾಮ್ರದ ಪಾತ್ರೆಯಲ್ಲಿ ಹಸುವಿನ ತುಪ್ಪ ಹಾಕಿ, ತಣ್ಣೀರು ಹೊಯ್ದು, ಅಂಗೈಯಿಂದಲೋ ತಾಮ್ರದ ತಟ್ಟೆಯಿಂದಲೋ ತಿಕ್ಕಿ ತಿಕ್ಕಿ, ನೀರು ಬಸಿದು, ಮತ್ತೆ ನೀರು ಹೊಯ್ದು... ಹೀಗೆ ನೂರು ಸುತ್ತು. ಹಳದಿ ತುಪ್ಪ ಬೆಳ್ಳಗಾಗಿ, ಹರಳು ಹೋಗಿ, ತುಪ್ಪದ ವಾಸನೆಯೂ ಬಹುಮಟ್ಟಿಗೆ ಹೋಗಿ, ಬೆರಳಿಗೆ ತಂಪಾದ ನುಣುಪು ಲೇಪ ಸಿಗುತ್ತದೆ. ಉರಿ, ಸುಟ್ಟ ಚರ್ಮ, ಒಣ ಇಸುಬಿಗೆ ಹಚ್ಚುವ ರೂಢಿ. ಕೊಬ್ಬಿನೊಳಗೆ ನೀರನ್ನು ಹನಿಹನಿಯಾಗಿ ಹಿಡಿದಿಡುವ ಕಲೆ ಇದು. ಅಂದರೆ ತುಪ್ಪವನ್ನು ತಿರುಗಿ ಬೆಣ್ಣೆಯ ಜಾತಿಗೆ ಸೇರಿಸಿದಂತೆ. ಎಪ್ಪತ್ತನೇ ಸುತ್ತಿನಲ್ಲಿ ತೋಳು ಬಿದ್ದುಹೋಗುವವರು ಮಿಕ್ಸಿಯ ಮೊರೆ ಹೋಗುವುದೂ ಉಂಟು.

ಇದೇ ಕೆಲಸವನ್ನು ರೋಮಿನಲ್ಲಿ ಜೇನುಮೇಣದಿಂದ ಮಾಡಿದವನು ಗ್ರೀಕ್ ವೈದ್ಯ ಗ್ಯಾಲೆನ್. ಕ್ರಿ.ಶ. ಎರಡನೇ ಶತಮಾನ. ಜೇನುಮೇಣ, ಆಲಿವ್ ಎಣ್ಣೆ, ಪನ್ನೀರು, ಇಷ್ಟೇ. ಕೋಲ್ಡ್ ಕ್ರೀಮಿನ ಮೂಲಪುರುಷ ಅವನೇ ಎನ್ನುತ್ತಾರೆ. ಅದನ್ನು 'ಕೋಲ್ಡ್' ಎಂದದ್ದು ಚಳಿಗಾಲಕ್ಕೆ ಹಚ್ಚುತ್ತೇವೆ ಎಂದಲ್ಲ. ಹಚ್ಚಿದಾಗ ಮೇಣ-ಎಣ್ಣೆಯ ಹಿಡಿತದಿಂದ ನೀರು ಬಿಡುಗಡೆಯಾಗಿ ಆವಿಯಾಗುತ್ತದೆ, ಚರ್ಮ ತಂಪಾಗುತ್ತದೆ. ಮಡಕೆಯ ನೀರು ತಣ್ಣಗಿರುವ ಗುಟ್ಟೇ ಇದು.

'ಸ್ನೋ ಪೌಡರು ಬಳಿದುಕೊಂಡು ಹೊರಟಳು' ಎಂದು ಹಿಂದಿನವರು ಗೊಣಗುತ್ತಿದ್ದ ಆ ಸ್ನೋ ಯಾವುದು? ಸ್ಟಿಯರಿಕ್ ಆಮ್ಲದಿಂದ ಮಾಡಿದ ವ್ಯಾನಿಶಿಂಗ್ ಕ್ರೀಮು. ಮುತ್ತಿನ ಹೊಳಪಿನ ಬಿಳುಪು, ಹಿಮದಂತೆ ಕರಗಿ ಕಾಣೆಯಾಗುವ ಗುಣ. 1919ರಲ್ಲಿ ಮುಂಬಯಿಯಲ್ಲಿ ಇ.ಎಸ್. ಪಾಟನ್‌ವಾಲಾ ತಯಾರಿಸಿದ ಅಫ್ಘನ್ ಸ್ನೋ ಎಷ್ಟು ಮನೆಮಾತಾಯಿತೆಂದರೆ ಹೆಸರು ಕೇಳಿ ವಿದೇಶಿ ಸರಕೆಂದು ತಿಳಿದವರೇ ಬಹಳ. ಅಪ್ಪಟ ಸ್ವದೇಶಿ ಡಬ್ಬಿಯದು. ಹಿಮದ ಗೀಳು ಜರ್ಮನ್ನರಿಗೂ ಇತ್ತು: 1911ರಲ್ಲಿ ಹ್ಯಾಂಬರ್ಗಿನಲ್ಲಿ ಹುಟ್ಟಿದ ನಿವಿಯಾ, ಲ್ಯಾಟಿನ್ನಿನ 'ಹಿಮ' ಎಂಬ ಪದದಿಂದ ಹೆಸರು ಪಡೆಯಿತು. ಅದರ ನೀಲಿ ಡಬ್ಬಿ ಬಂದದ್ದು 1925ರಲ್ಲಿ, ಮೊದಲಿನದು ಹಳದಿ.

ಬೋರೋಲಿನ್? 1929, ಕಲ್ಕತ್ತ, ಗೌರ್ ಮೋಹನ್ ದತ್ತ. ಬೋರಿಕ್ ಪುಡಿಯ 'ಬೋರೊ', ಎಣ್ಣೆಗೆ ಲ್ಯಾಟಿನ್ನಿನಲ್ಲಿ ಹೇಳುವ 'ಓಲಿಯಂ'ನ ಬಾಲ. ಜೊತೆಗೆ ಸತುವಿನ ಆಕ್ಸೈಡು, ಲ್ಯಾನೋಲಿನ್.

ಲ್ಯಾನೋಲಿನ್ ಎಂದರೆ ಕುರಿಯ ಉಣ್ಣೆಯ ಜಿಡ್ಡು. ಕುರಿ ಮಳೆಯಲ್ಲಿ ನೆನೆದರೂ ನೀರು ಚರ್ಮಕ್ಕೆ ಇಳಿಯದಂತೆ ನೋಡಿಕೊಳ್ಳುವುದು ಅದೇ. 1882ರಲ್ಲಿ ಜರ್ಮನಿಯ ಬ್ರೌನ್ ಮತ್ತು ಲೀಬ್ರೈಖ್ ಎಂಬಿಬ್ಬರು ಅದನ್ನು ಶುದ್ಧಮಾಡಿ ಪೇಟೆಂಟ್ ಪಡೆದರು. ಹೊಸ ಕಂಬಳಿ ಹೊದ್ದಾಗ ಬರುವ ಆ ಕುರಿವಾಸನೆಗೂ ಬ್ಯಾಂಕಾಕ್ ವಿಮಾನ ನಿಲ್ದಾಣದಲ್ಲಿ ಮಾರುವ ದುಬಾರಿ ತುಟಿಮುಲಾಮಿಗೂ ಒಂದೇ ಕುಲಮೂಲ.

ಅಮೆರಿಕದ ವರ್ಮಾಂಟಿನಲ್ಲಿ 1899ರಿಂದ ಮಾರಾಟವಾಗುತ್ತಿರುವ ಬ್ಯಾಗ್ ಬಾಮ್ ಹಸುವಿನ ಕೆಚ್ಚಲು ಬಿರಿಯದಿರಲೆಂದು ಮಾಡಿದ್ದು. ಹಾಲು ಕರೆಯುವವರ ಕೈ ಮೃದುವಾಗುತ್ತ ಬಂದದ್ದು ಗಮನಕ್ಕೆ ಬಂದು, ಆಮೇಲೆ ಮನುಷ್ಯರೂ ಹಚ್ಚಿಕೊಂಡರು.

ವ್ಯಾಸಲಿನ್ ಹುಟ್ಟಿದ್ದು ಎಣ್ಣೆಬಾವಿಯ ಕೊಳೆಯಿಂದ. 1859ರಲ್ಲಿ ಪೆನ್ಸಿಲ್ವೇನಿಯಾದ ಟೈಟಸ್‌ವಿಲ್‌ನಲ್ಲಿ ಕಚ್ಚಾ ಎಣ್ಣೆ ಸಿಕ್ಕಿದ ಸುದ್ದಿ ಕೇಳಿ, ಸೀಮೆಎಣ್ಣೆ ವ್ಯಾಪಾರದ ತರುಣ ರಾಬರ್ಟ್ ಚೀಸ್‌ಬ್ರೊ ಅಲ್ಲಿಗೆ ಹೋದ. ಕೊರೆಯುವ ಸರಳುಗಳಿಗೆ ಕಪ್ಪು ಮೇಣವೊಂದು ಮೆತ್ತಿಕೊಂಡು ಯಂತ್ರಗಳನ್ನೇ ನಿಲ್ಲಿಸುತ್ತಿತ್ತು. ಕೂಲಿಗಳು ಅದನ್ನು ಬೈಯುತ್ತಲೇ ಸುಟ್ಟಗಾಯ, ತರಚುಗಾಯಕ್ಕೆ ಹಚ್ಚಿಕೊಳ್ಳುತ್ತಿದ್ದರು. ಚೀಸ್‌ಬ್ರೊ ಅದನ್ನು ಮನೆಗೆ ಹೊತ್ತು, ವರ್ಷಗಟ್ಟಲೆ ಸೋಸಿ ಬಿಳುಪು ತಂದು, 1872ರಲ್ಲಿ ಪೇಟೆಂಟ್ ಪಡೆದ. ಮಾರುವಾಗ ತನ್ನ ಕೈಯನ್ನೇ ಬೆಂಕಿಗೆ, ಆಮ್ಲಕ್ಕೆ ಒಡ್ಡಿ, ಜನರ ಮುಂದೆಯೇ ಮುಲಾಮು ಬಳಿದು ತೋರಿಸುತ್ತಿದ್ದನಂತೆ. ದಿನಕ್ಕೊಂದು ಚಮಚ ತಿನ್ನುತ್ತಿದ್ದನೆಂಬ ಮಾತೂ ಇದೆ. ಬದುಕಿದ್ದು 96 ವರ್ಷ. ನೀವು ತಿನ್ನಲು ಹೋಗಬೇಡಿ. ವ್ಯಾಸಲಿನ್ ಚರ್ಮಕ್ಕೆ ತೇವ ಕೊಡುವುದಿಲ್ಲ, ಇರುವ ತೇವ ಹಾರಿಹೋಗದಂತೆ ತಡೆಯುತ್ತದೆ, ಅಷ್ಟೇ. ಹಾಗಾಗಿ ಸ್ನಾನ ಮುಗಿಸಿ ಮೈ ಇನ್ನೂ ಒದ್ದೆಯಿರುವಾಗ ಹಚ್ಚಿದರೆ ಫಲ ಹೆಚ್ಚು.

ಬಟ್ಟೆಗೆ, ಹಾಸಿಗೆಗೆ ಮೆತ್ತಿದ ಮುಲಾಮು ಬೆಂಕಿಗೆ ಬತ್ತಿಯಂತಾಗುತ್ತದೆ. ಬ್ರಿಟನ್ನಿನ ಔಷಧ ನಿಯಂತ್ರಕರು 2018ರಲ್ಲಿ ಹೀಗೆಂದು ಎಚ್ಚರಿಕೆ ಕೊಟ್ಟಾಗ ಐವತ್ತಕ್ಕೂ ಹೆಚ್ಚು ಸಾವುಗಳ ಹಿಂದೆ ಇದರ ಕೈವಾಡ ಕಂಡಿತ್ತು. ಮೈಗೆಲ್ಲ ಮುಲಾಮು ಹಚ್ಚಿಕೊಂಡ ಅಜ್ಜ ಬೀಡಿ ಹಚ್ಚುವ ಮನೆಯವರು ಈ ಒಂದು ಸಂಗತಿಯನ್ನಾದರೂ ನೆನಪಿಡಿ.

ಮಲೆನಾಡಿನವರು, ಉತ್ತರ ಕನ್ನಡದವರು ಮುಂದಿನ ಸಾಲನ್ನು ಬಿಟ್ಟು ಓದಬಹುದು, ಅವರಿಗೆ ಗೊತ್ತಿರುವುದೇ. ಮುರುಗಲ ಹಣ್ಣಿನ ಬೀಜದಿಂದ ತೆಗೆಯುವ ಮುರುಗಲ ತುಪ್ಪ ಮಾಮೂಲಿ ಸೆಕೆಯಲ್ಲೂ ಗಟ್ಟಿಯಾಗಿಯೇ ಇದ್ದು, ಹೆಚ್ಚುಕಡಿಮೆ ಮೈಯ ಬಿಸಿಗೆ ಮೆತ್ತಗಾಗುತ್ತದೆ. ಒಡೆದ ಹಿಮ್ಮಡಿಗೆ ಅಜ್ಜಿಯರು ಅದನ್ನೇ ಬಿಸಿಮಾಡಿ ಬಿಡುತ್ತಿದ್ದರು. ಇವತ್ತು 'ಕೋಕಂ ಬಟರ್' ಎಂಬ ಹೆಸರಿನಲ್ಲಿ ಜಗತ್ತಿನ ಕ್ರೀಮುಗಳೊಳಗೆ ಸೇರಿಕೊಂಡಿರುವುದು ಇದೇ ತುಪ್ಪ. ಸಿಪ್ಪೆ ಸಾರಿಗೆ, ಬೀಜ ಸೌಂದರ್ಯಕ್ಕೆ.

ಹಿಮ್ಮಡಿಯ ಮಾತು ಬಂದದ್ದಕ್ಕೆ: ಹೊಲಕ್ಕೆ ಎರಚುವ ಯೂರಿಯಾ ಇದೆಯಲ್ಲ, ಅದೇ ರಾಸಾಯನಿಕ ಶುದ್ಧರೂಪದಲ್ಲಿ ಹಿಮ್ಮಡಿ ಕ್ರೀಮಿನಲ್ಲೂ ಇರುತ್ತದೆ. ನಮ್ಮ ಚರ್ಮದ ಮೇಲ್ಪದರದಲ್ಲಿ ಹುಟ್ಟಿನಿಂದಲೇ ಯೂರಿಯಾ ಇದೆ, ನೀರು ಹಿಡಿದಿಡಲು. ಶೇ 10ರಷ್ಟಿದ್ದರೆ ತೇವ ಕೊಡುತ್ತದೆ. ಶೇ 40ಕ್ಕೆ ಏರಿದರೆ ದಪ್ಪಗಟ್ಟಿದ ಉಗುರನ್ನೇ ಮೆತ್ತಗೆ ಮಾಡುತ್ತದೆ. ಚೀಲದ ಯೂರಿಯಾ ಕಲಸಿ ಹಚ್ಚುವ ಸಾಹಸ ಬೇಡ.

ಕ್ಯಾಲಮೈನ್ ಲೋಷನ್ನಿನ ಗುಲಾಬಿ ಬಣ್ಣ ಗುಲಾಬಿಯದಲ್ಲ, ತುಕ್ಕಿನದು. ಬಿಳಿ ಸತುವಿನ ಆಕ್ಸೈಡಿಗೆ ಚಿಟಿಕೆ ಕಬ್ಬಿಣದ ಆಕ್ಸೈಡು ಬಿದ್ದಿರುತ್ತದೆ.

ಮೆಣಸಿನಕಾಯಿಯ ಖಾರದ ಸಾರ ಕ್ಯಾಪ್ಸೈಸಿನ್ ಕೀಲುನೋವಿನ ಕ್ರೀಮಿನಲ್ಲಿ ಇರುತ್ತದೆ. ಮೊದಲು ಉರಿ, ಆಮೇಲೆ ನರಗಳು ದಣಿದು ನೋವಿನ ಸುದ್ದಿ ಕಳಿಸುವುದನ್ನೇ ಕಡಿಮೆ ಮಾಡುತ್ತವೆ. ಖಾರವನ್ನೂ ಬೆಂಕಿಯ ಬಿಸಿಯನ್ನೂ ನಮ್ಮ ನರ ಒಂದೇ ಬಾಗಿಲಿನಿಂದ ಗುರುತಿಸುತ್ತದೆ ಎಂದು ಕಂಡುಹಿಡಿದ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್ ಬಂತು. ಪುದೀನದ ಮೆಂಥಾಲ್ ತಟ್ಟುವುದು ಇನ್ನೊಂದು ಬಾಗಿಲನ್ನು, ಅದು ತಂಪಿನದು. ನೋವಿನ ಬಾಮು ಹಚ್ಚಿದಾಗ ಮೈ ನಿಜವಾಗಿ ತಣ್ಣಗಾಗುವುದಿಲ್ಲ. ನರಕ್ಕೆ ಹಾಗೆಂದು ಸುಳ್ಳು ಸುದ್ದಿ ಹೋಗುತ್ತದೆ. ಬಣ್ಣಕ್ಕೆ ಹೆಸರಾದ, ಖಾರಕ್ಕೆ ಸೌಮ್ಯವಾದ ಬ್ಯಾಡಗಿ ಮೆಣಸಿನಕಾಯಿಗೆ ನೋವು ಕಳೆಯುವ ಈ ಉದ್ಯೋಗ ಅಷ್ಟಾಗಿ ಒಗ್ಗದು.

ಅಮೃತಾಂಜನ ಶುರುವಾದದ್ದು 1893ರಲ್ಲಿ, ಮುಂಬಯಿಯಲ್ಲಿ. ಮಾಡಿದವರು ತೆಲುಗಿನ ಕಾಶಿನಾಥುನಿ ನಾಗೇಶ್ವರರಾವ್, ಮುಂದೆ 'ಆಂಧ್ರಪತ್ರಿಕೆ' ಕಟ್ಟಿದವರು. ಸಂಗೀತ ಕಛೇರಿಗಳಲ್ಲಿ ಪುಕ್ಕಟೆ ಹಂಚಿ ಹೆಸರು ಮಾಡಿದರಂತೆ. ಆ ತಂಬೂರಿ ಶ್ರುತಿಯ ನಡುವೆ ತಲೆನೋವು ಯಾರಿಗಿತ್ತೋ!

ಅರಿಸಿನ ಗಾಯ ಮಾಯಿಸುತ್ತದೆ ಎಂಬುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟುಬಿಟ್ಟಿದ್ದರು, ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ. ನಮ್ಮ ಸಿಎಸ್ಐಆರ್ ಹಳೆಯ ಸಂಸ್ಕೃತ, ಹಿಂದಿ, ಉರ್ದು ಬರಹಗಳನ್ನೆಲ್ಲ ಒಟ್ಟುಮಾಡಿ ಮುಂದಿಟ್ಟು, ಇದು ನಮ್ಮ ಅಡುಗೆಮನೆಯ ವಿದ್ಯೆ ಎಂದು ವಾದಿಸಿತು. 1997ರಲ್ಲಿ ಪೇಟೆಂಟ್ ರದ್ದಾಯಿತು.

ಇನ್ನೊಂದು ಅರಿಸಿನದ ವ್ಯಾಜ್ಯ ನಡೆದದ್ದು ನಮ್ಮಲ್ಲೇ, ಬಲು ಸ್ವಾರಸ್ಯದ್ದು. ವಿಕ್ಕೊ ಅರಿಸಿನ ಕ್ರೀಮು ಔಷಧವೋ, ಶೃಂಗಾರ ಸಾಮಗ್ರಿಯೋ? ಉತ್ತರದ ಮೇಲೆ ತೆರಿಗೆ ನಿಂತಿತ್ತು: ಶೃಂಗಾರವಾದರೆ ಅಬಕಾರಿ ಸುಂಕ ಜಾಸ್ತಿ, ಆಯುರ್ವೇದ ಔಷಧವಾದರೆ ಕಡಿಮೆ. ವರ್ಷಗಟ್ಟಲೆ ಎಳೆದಾಡಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು, ಕಂಪನಿ ಗೆದ್ದಿತು. ತಾನು ಕಾಸ್ಮೆಟಿಕ್ ಅಲ್ಲವೆಂದು ಅದರ ಜಾಹೀರಾತಿನ ಹಾಡು ಸಾರಿ ಸಾರಿ ಹೇಳುತ್ತಿದ್ದುದರ ಹಿಂದೆ ಈ ಸುಂಕದ ನೆರಳೂ ಇತ್ತೆಂದು ಟಿವಿ ಮುಂದೆ ಕೂತು ಗುನುಗಿದ ನಮಗೆಲ್ಲಿ ಹೊಳೆದೀತು! 1940ರ ಔಷಧ ಮತ್ತು ಪ್ರಸಾಧನ ಕಾಯಿದೆಯ ಪ್ರಕಾರ ಶುಚಿಗೊಳಿಸಲು, ಚೆಂದ ಕಾಣಲು ಹಚ್ಚುವುದು ಪ್ರಸಾಧನ. ರೋಗ ಗುಣಪಡಿಸಲು ಅಥವಾ ತಡೆಯಲು ಹಚ್ಚುವುದು ಔಷಧ. ಮೊಡವೆ? ಅದು ರೋಗವೂ ಹೌದು, ಅಂದದ ಚಿಂತೆಯೂ ಹೌದು. ಅಲ್ಲಿಂದಲೇ ಎಲ್ಲ ತಕರಾರು ಶುರು.

ಕಪ್ಪಗಿರುವವರ ಚರ್ಮದಲ್ಲೂ ಬೆಳ್ಳಗಿರುವವರ ಚರ್ಮದಲ್ಲೂ ಬಣ್ಣ ತಯಾರಿಸುವ ಜೀವಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರುವುದು ಅವು ತಯಾರಿಸುವ ಮೆಲನಿನ್ ಬಣ್ಣದ ಬಗೆಯಲ್ಲಿ, ಪ್ರಮಾಣದಲ್ಲಿ, ಅದು ಪೊಟ್ಟಣಗಳಾಗಿ ಪಕ್ಕದ ಕೋಶಗಳಿಗೆ ಹಂಚಿಹೋಗುವ ರೀತಿಯಲ್ಲಿ. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿಯ ಮುಖ್ಯ ಸರಕಾದ ನಿಯಾಸಿನಮೈಡ್, ಅಂದರೆ ಬಿ3 ವಿಟಮಿನ್, ತಡೆಯುವುದು ಈ ಹಂಚಿಕೆಯನ್ನೇ. ಕೆಲಸ ಮಾಡುತ್ತದೆ, ಆದರೆ ಜಾಹೀರಾತಿನ ಹುಡುಗಿಗೆ ಕೆಲಸ ಕೊಡಿಸುವಷ್ಟಲ್ಲ. 2020ರಲ್ಲಿ ಹೆಸರು ಬದಲಾಗಿ ಗ್ಲೋ ಅಂಡ್ ಲವ್ಲಿ ಆಯಿತು. ಅಂಗಡಿಯಲ್ಲಿ ಜನ ಈಗಲೂ ಕೇಳುವುದು ಹಳೆಯ ಹೆಸರನ್ನೇ.

ಬಿಳುಪಿನ ಆಸೆ ಪಾದರಸದವರೆಗೂ ಹೋಗಿದೆ. ಪಾದರಸದ ಲವಣಗಳು ಮೆಲನಿನ್ ತಯಾರಿಯ ಕಿಣ್ವವನ್ನೇ ಕಟ್ಟಿಹಾಕುತ್ತವೆ, ಹಾಗಾಗಿ ವಾರಗಳಲ್ಲೇ ಮುಖ ಬೆಳ್ಳಗಾಗುತ್ತದೆ. ಹಾಗೆಯೇ ಪಾದರಸ ಚರ್ಮದ ಮೂಲಕ ಇಳಿದು ಮೂತ್ರಪಿಂಡ ಸೇರುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ಮೂತ್ರಪಿಂಡ ವೈದ್ಯರು 2021ರಿಂದ 2023ರ ನಡುವೆ ಕಂಡ ಒಂದು ಬಗೆಯ ಮೂತ್ರಪಿಂಡ ರೋಗದ 22 ಪ್ರಕರಣಗಳಲ್ಲಿ 15 ಮಂದಿಯಲ್ಲಿ ಅಪರೂಪದ ಒಂದು ಗುರುತು ಕಂಡಿತು. ಕೆದಕಿ ಕೇಳಿದಾಗ ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮು ಹಚ್ಚುತ್ತಿದ್ದರು. ಭಾರತದ ನಿಯಮದಲ್ಲಿ ಮುಖದ ಕ್ರೀಮಿಗೆ ಪಾದರಸ ಬೇಕೆಂದೇ ಸೇರಿಸುವಂತಿಲ್ಲ. ಅಕಸ್ಮಾತ್ ಸೇರಿದ್ದರೂ ಹತ್ತು ಲಕ್ಷದಲ್ಲಿ ಒಂದು ಭಾಗ ಮೀರುವಂತಿಲ್ಲ. ತಯಾರಕರ ಹೆಸರು, ವಿಳಾಸ, ಪದಾರ್ಥಗಳ ಪಟ್ಟಿ ಯಾವುದೂ ಇಲ್ಲದ ಡಬ್ಬಿಗೆ ನಿಯಮದ ಹಂಗೇನು? 'ಕ್ಯಾಲೊಮೆಲ್' ಎಂದು ಬರೆದಿದ್ದರೆ ಅದೂ ಪಾದರಸವೇ.

ವಿಷವೇ ಆಕರ್ಷಣೆಯಾಗಿದ್ದ ಕಾಲವೂ ಇತ್ತು. 1930ರ ದಶಕದ ಪ್ಯಾರಿಸ್ಸಿನಲ್ಲಿ ಥೋ-ರೇಡಿಯಾ ಎಂಬ ಮುಖದ ಕ್ರೀಮು ಮಾರುತ್ತಿದ್ದರು. ಒಳಗೆ ಥೋರಿಯಂ, ರೇಡಿಯಂ ಎರಡೂ! ಮುಖ ಹೊಳೆಯುತ್ತದೆ ಎಂಬ ಭರವಸೆ. ಡಬ್ಬಿಯ ಮೇಲೆ ಡಾಕ್ಟರ್ ಕ್ಯೂರಿ ಎಂಬವರ ಹೆಸರು. ಮೇರಿ ಕ್ಯೂರಿಗೂ ಅವರಿಗೂ ಯಾವ ನೆಂಟಸ್ತಿಕೆಯೂ ಇರಲಿಲ್ಲ.

ಈಗ ಈ ಅಂಕಣದಲ್ಲಿ ನಾನು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುವ ಜಾಗ. ಕೆಲವು ವರ್ಷಗಳ ಹಿಂದೆ ಸೊಂಟಪಟ್ಟಿಯ ಜಾಗದಲ್ಲಿ ನನಗೊಂದು ಗಜಕರ್ಣ ಎದ್ದಿತು. ಹುಳುಕಡ್ಡಿ ಎಂದರೂ ಅದೇ. ಅಂಗಡಿಯ ಹುಡುಗ ಕೇಳದೆಯೇ ಒಂದು ಟ್ಯೂಬು ಕೊಟ್ಟ. ಮೂರೇ ದಿನಕ್ಕೆ ತುರಿಕೆ ಮಾಯ, ಕೆಂಪು ಮಾಯ. ಹುಡುಗನಿಗೆ ಮನಸ್ಸಿನಲ್ಲೇ ಎಂಬಿಬಿಎಸ್ ಪದವಿ ಕೊಟ್ಟೆ. ಬಿಟ್ಟ ವಾರಕ್ಕೆ ಒಂದು ಬಳೆ ಇದ್ದದ್ದು ಮೂರು ಬಳೆಯಾಗಿ ಬೆನ್ನಿಗೆ ಏರಿತು. ಟ್ಯೂಬಿನೊಳಗೆ ಶಿಲೀಂಧ್ರದ ಔಷಧ, ಬ್ಯಾಕ್ಟೀರಿಯಾದ ಔಷಧ, ಜೊತೆಗೆ ಬಲವಾದ ಸ್ಟಿರಾಯ್ಡು, ಮೂರೂ ಇದ್ದವು. ಸ್ಟಿರಾಯ್ಡು ಮಾಡುವುದು ಇಷ್ಟು: ಚರ್ಮದ ಕಾವಲುಗಾರರನ್ನು ಮಲಗಿಸುತ್ತದೆ. ಕಾವಲುಗಾರ ಕೂಗದಿದ್ದರೆ ಕೆಂಪಿಲ್ಲ, ತುರಿಕೆಯಿಲ್ಲ. ಕಳ್ಳ ಮಾತ್ರ ಒಳಗೇ ಇದ್ದಾನೆ, ಆರಾಮಾಗಿ.

ಹೀಗೆ ವೇಷ ಮರೆಸಿಕೊಂಡ ಗಜಕರ್ಣಕ್ಕೆ ವೈದ್ಯರು 'ಟಿನಿಯ ಇನ್‌ಕಾಗ್ನಿಟೊ' ಎನ್ನುತ್ತಾರೆ. ಗಜಕರ್ಣ ತರುವ, ಮಾಮೂಲಿ ಔಷಧಕ್ಕೆ ಬಗ್ಗದ ಒಂದು ಶಿಲೀಂಧ್ರಕ್ಕೆ 2020ರಲ್ಲಿ ವಿಜ್ಞಾನಿಗಳು ಇಟ್ಟ ಹೆಸರು ಟ್ರೈಕೊಫೈಟನ್ ಇಂಡೊಟಿನಿಯೆ. ಇಂಡೊ ಎಂದರೆ ನಾವೇ. ಹೆಮ್ಮೆಪಡುವ ವಿಷಯವಲ್ಲ. ಮುಖಕ್ಕೆ ತಿಂಗಳುಗಟ್ಟಲೆ ಸ್ಟಿರಾಯ್ಡು ಹಚ್ಚಿದವರಲ್ಲಿ ಕೆಂಪು ನರಗಳು ಮೂಡಿ, ಮೊಡವೆ ಎದ್ದು, ಕೂದಲು ಬೆಳೆದು, ಬಿಟ್ಟರೆ ಉರಿ, ಹಚ್ಚಿದರೆ ಹಾನಿ ಎಂಬ ಸ್ಥಿತಿಗೂ ನಮ್ಮ ದೇಶದ ಚರ್ಮವೈದ್ಯರೇ ಹೆಸರಿಡಬೇಕಾಯಿತು: 'ಸ್ಟಿರಾಯ್ಡಿನಿಂದ ಹಾಳಾದ ಮುಖ'. 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹದಿನಾಲ್ಕು ಬಗೆಯ ಸ್ಟಿರಾಯ್ಡು ಲೇಪಗಳನ್ನು ಚೀಟಿಯಿಲ್ಲದೆ ಮಾರಬಾರದ ಎಚ್ ಪಟ್ಟಿಗೆ ಸೇರಿಸಿತು. ಹೆಸರು '-ಸೋನ್', '-ಸಾಲ್' ಎಂದು ಮುಗಿದರೆ ಒಮ್ಮೆ ಅನುಮಾನಿಸಿ: ಬೀಟಾಮೆಥಸೋನ್, ಮೊಮೆಟಸೋನ್, ಕ್ಲೊಬೆಟಸಾಲ್. ಹಾಗಂತ ಸ್ಟಿರಾಯ್ಡೇ ರಾಕ್ಷಸ ಅಲ್ಲ. 1952ರಲ್ಲಿ ಹೈಡ್ರೊಕಾರ್ಟಿಸೋನ್ ಹಚ್ಚಿ ಇಸುಬು ಇಳಿಯುವುದನ್ನು ಸಲ್ಜ್‌ಬರ್ಗರ್ ಮತ್ತು ವಿಟನ್ ತೋರಿಸಿದಾಗ ಚರ್ಮವೈದ್ಯದ ದಿಕ್ಕೇ ಬದಲಾಯಿತು. ಸರಿಯಾದ ರೋಗಕ್ಕೆ, ಸರಿಯಾದ ಬಲದ್ದು, ಸರಿಯಾದ ದಿನಗಳಷ್ಟು, ಅಷ್ಟಿದ್ದರೆ ಅದರಂಥ ಔಷಧವಿಲ್ಲ.

ಎಷ್ಟು ಹಚ್ಚಬೇಕು? ಅದಕ್ಕೂ ಅಳತೆಯಿದೆ. ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬು ಹಿಂಡಿದರೆ ಸುಮಾರು ಅರ್ಧ ಗ್ರಾಂ. ಬೆರಳೂ ಸೇರಿದಂತೆ ಎರಡು ಅಂಗೈ ಅಗಲದ ಚರ್ಮಕ್ಕೆ ಸಾಕು. 1991ರಲ್ಲಿ ಬ್ರಿಟನ್ನಿನ ಲಾಂಗ್ ಮತ್ತು ಫಿನ್‌ಲೇ ಹೇಳಿಕೊಟ್ಟ ಲೆಕ್ಕವಿದು.

ಎಲ್ಲಿ ಹಚ್ಚುತ್ತೀರಿ ಎಂಬುದು ಇನ್ನೂ ಮುಖ್ಯ. 1967ರಲ್ಲಿ ಫೆಲ್ಡ್‌ಮನ್ ಮತ್ತು ಮೈಬಾಕ್ ಎಂಬ ಅಮೆರಿಕನ್ನರು ಹೈಡ್ರೊಕಾರ್ಟಿಸೋನನ್ನು ಮೈಯ ಬೇರೆಬೇರೆ ಕಡೆ ಹಚ್ಚಿ ಅಳೆದರು. ಮುಂಗೈಯೊಳಗೆ ಇಳಿದದ್ದು 1 ಎಂದಿಟ್ಟುಕೊಂಡರೆ ಹಣೆಯಲ್ಲಿ 6, ದವಡೆಯ ಮೂಲೆಯಲ್ಲಿ 13, ವೃಷಣದ ಚರ್ಮದಲ್ಲಿ 42. ಅಂಗಾಲಿನಲ್ಲಿ ಬರೀ 0.14. ತೊಡೆಸಂದಿಗೆ ಹಚ್ಚಿದ ಬಲವಾದ ಮುಲಾಮು ಏಕೆ ಅಷ್ಟು ಬೇಗ ಚರ್ಮವನ್ನು ತೆಳುಮಾಡುತ್ತದೆ ಎಂಬುದು ಈಗ ತಿಳಿಯಿತಲ್ಲ.

ಕೊಲಾಜೆನ್ ಕ್ರೀಮು ಕೊಳ್ಳುವ ಮೊದಲು: ಚರ್ಮದ ಬಾಗಿಲು ಸುಮಾರು 500 ಡಾಲ್ಟನ್ ತೂಕದವರೆಗಿನ ಅಣುಗಳನ್ನಷ್ಟೇ ಸಲೀಸಾಗಿ ಒಳಬಿಡುತ್ತದೆ. ಕೊಲಾಜೆನ್ ಅಣುವಿನ ತೂಕ 3 ಲಕ್ಷ ಡಾಲ್ಟನ್. ಆನೆ ಬೆಕ್ಕಿನ ಕಿಂಡಿಯಲ್ಲಿ ನುಗ್ಗಿದಂತೆ.

ಮನೆಯಲ್ಲೊಬ್ಬರಿಗೆ ತುರಿಕಜ್ಜಿ ಬಂದರೆ ಮನೆಮಂದಿಯೆಲ್ಲ ಒಂದೇ ರಾತ್ರಿ ಪರ್ಮೆಥ್ರಿನ್ ಕ್ರೀಮು ಹಚ್ಚಬೇಕು, ತುರಿಕೆ ಇಲ್ಲದವರೂ. ಕುತ್ತಿಗೆಯಿಂದ ಕಾಲ್ಬೆರಳ ಸಂದಿಯವರೆಗೆ. ತುರಿಸುವ ಜಾಗಕ್ಕಷ್ಟೇ ಹಚ್ಚಿ ಕೈತೊಳೆದುಕೊಂಡವರ ಮನೆಯಲ್ಲಿ ಕಜ್ಜಿ ಸರದಿಯಂತೆ ಸುತ್ತುತ್ತಿರುತ್ತದೆ.

ಮರವಟ್ಟಿಸುವ ಒಂದು ಕ್ರೀಮಿನಲ್ಲಿ ಲಿಡೊಕೇನ್, ಪ್ರಿಲೊಕೇನ್ ಎಂಬ ಎರಡು ಘನ ಪುಡಿಗಳನ್ನು ಬೆರೆಸುತ್ತಾರೆ. ಬೆರೆತ ಕೂಡಲೇ ಎರಡೂ ಕರಗಿ ಎಣ್ಣೆಯಾಗುತ್ತವೆ, ಒಲೆ ಹಚ್ಚದೆಯೇ! ಮಕ್ಕಳಿಗೆ ಸೂಜಿ ಚುಚ್ಚುವ ಒಂದು ಗಂಟೆ ಮೊದಲು ಹಚ್ಚಿ ಮುಚ್ಚಬೇಕು. ಬಾಗಿಲಲ್ಲಿ ಸರದಿ ಕರೆದ ಮೇಲೆ ಹಚ್ಚಿದರೆ ಅಳು ತಪ್ಪದು.

ಆಫ್ರಿಕಾದ ನಿದ್ರಾರೋಗಕ್ಕೆ ಎಫ್ಲಾರ್ನಿಥಿನ್ ಎಂಬ ಚುಚ್ಚುಮದ್ದು ಬಂತು. ಪ್ರಜ್ಞೆ ತಪ್ಪಿದವರನ್ನೂ ಎಬ್ಬಿಸುತ್ತಿತ್ತು. ಕೊಳ್ಳುವವರು ಬಡವರು, ಲಾಭವಿಲ್ಲ. 1990ರ ದಶಕದಲ್ಲಿ ತಯಾರಿ ನಿಂತೇಹೋಯಿತು. ಅಷ್ಟರಲ್ಲಿ ಅದೇ ಮದ್ದು ಹೆಂಗಸರ ಮುಖದ ಮೇಲಿನ ಬೇಡದ ಕೂದಲಿನ ಬೆಳವಣಿಗೆಯನ್ನು ನಿಧಾನಿಸುತ್ತದೆ ಎಂದು ತಿಳಿದು, 2000ದಲ್ಲಿ ಅಮೆರಿಕದಲ್ಲಿ ಕ್ರೀಮಾಗಿ ಬಂತು. ಮೀಸೆಗೆ ಮದ್ದಿದೆ, ಸಾವಿಗಿಲ್ಲವೇ ಎಂದು ಗಡಿಯಿಲ್ಲದ ವೈದ್ಯರ ಸಂಘಟನೆಯಂಥವು ಗದ್ದಲ ಎಬ್ಬಿಸಿದವು. 2001ರಲ್ಲಿ ಕಂಪನಿ ಮತ್ತೆ ಚುಚ್ಚುಮದ್ದು ತಯಾರಿಸಿ ವಿಶ್ವ ಆರೋಗ್ಯ ಸಂಸ್ಥೆಗೆ ದಾನ ಕೊಡಲು ಒಪ್ಪಿತು.

ಮುಖದ ಸುಕ್ಕಿಗೆ ಹೆಸರಾದ ಟ್ರೆಟಿನಾಯಿನ್ ಮೊದಲು ಬಂದದ್ದು ಮೊಡವೆಗೆ, 1971ರಲ್ಲಿ. ಹಚ್ಚಿದ ವಯಸ್ಕರು ಸುಕ್ಕು ಕಡಿಮೆಯಾಯಿತು ಎಂದು ತಾವಾಗಿ ಹೇಳಿದ ಮೇಲೆ ಎರಡನೇ ಕಥೆ ಶುರು. ಇದರ ಹಿಂದಿದ್ದ ಆಲ್ಬರ್ಟ್ ಕ್ಲಿಗ್ಮನ್ ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನ ಕೈದಿಗಳ ಚರ್ಮದ ಮೇಲೆ ಎರಡು ದಶಕ ಪ್ರಯೋಗ ನಡೆಸಿದವರು, ಅದು 1974ರಲ್ಲಿ ನಿಂತಿತು. ಕೈದಿಗಳಲ್ಲಿ ಬಹುತೇಕರು ಕಪ್ಪು ಜನ. ಟ್ರೆಟಿನಾಯಿನ್ ಕ್ರೀಮನ್ನು ಗರ್ಭಿಣಿಯರು ಹಚ್ಚಬಾರದು. ಬೆಳಕಿಗೆ ಕೆಡುವುದರಿಂದ ರಾತ್ರಿ ಮಾತ್ರ.

ಎಸ್‌ಪಿಎಫ್ 30 ಇರುವ ಸನ್‌ಸ್ಕ್ರೀನು ಚರ್ಮ ಸುಡುವ ಕಿರಣಗಳಲ್ಲಿ ಶೇ 97ನ್ನು ತಡೆಯುತ್ತದೆ, 50 ಇದ್ದರೆ ಶೇ 98. ಬೆಲೆಯ ಅಂತರ ಮಾತ್ರ ಒಂದು ಶೇಕಡದ್ದಲ್ಲ. ಈ ಅಂಕಿ ನಿಜವಾಗಬೇಕಾದರೆ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಬೇಕು; ಹೆಚ್ಚಿನವರು ಹಚ್ಚುವುದು ಅದರ ಅರ್ಧಕ್ಕಿಂತ ಕಡಿಮೆ. ಇನ್ನು ಗಾಜು ತೂರಿ ಬರುವ ಯುವಿಎ ಕಿರಣದ ಲೆಕ್ಕ ಎಸ್‌ಪಿಎಫ್‌ನಲ್ಲಿ ಇಲ್ಲ, ಅದಕ್ಕೆ ಪಿಎ ಮುಂದಿನ ಪ್ಲಸ್ ಗುರುತುಗಳನ್ನು ನೋಡಬೇಕು. 28 ವರ್ಷ ಲಾರಿ ಓಡಿಸಿದ ಅಮೆರಿಕದ ಚಾಲಕನೊಬ್ಬನ ಚಿತ್ರ 2012ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದಿತ್ತು. ಕಿಟಕಿಯ ಕಡೆಗಿದ್ದ ಎಡಗೆನ್ನೆ ಸುಕ್ಕುಸುಕ್ಕು, ಬಲಗೆನ್ನೆಗೆ ಹತ್ತಿಪ್ಪತ್ತು ವರ್ಷ ಕಡಿಮೆ ವಯಸ್ಸು. ನಮ್ಮ ಚಾಲಕರದು ಬಲಗೆನ್ನೆಯ ಪಾಡು.

ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣುಗುಗಳಿಂದ ಹರಡುತ್ತದೆ. ಕಾಡಿಗೆ ಸೊಪ್ಪಿಗೆ, ಸೌದೆಗೆ ಹೋಗುವ ಮಲೆನಾಡಿಗರಿಗೆ, ಉಣುಗು ಹತ್ತಿರ ಸುಳಿಯದಂತೆ ಮೈಗೆ ಹಚ್ಚಿಕೊಳ್ಳಲೆಂದು ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲ ಮೂಲತಃ ಸೈನಿಕರಿಗೆಂದು ಗ್ವಾಲಿಯರಿನ ರಕ್ಷಣಾ ಪ್ರಯೋಗಾಲಯ ಕಂಡುಹಿಡಿದದ್ದು. ಮೊದಲು ಡಿಎಂಪಿ ಎಣ್ಣೆ ಕೊಡುತ್ತಿದ್ದರು.

ಕೈ ಸುಟ್ಟುಕೊಂಡಾಗ ಕ್ರೀಮು ಹುಡುಕಬೇಡಿ. ಟೂತ್‌ಪೇಸ್ಟು, ದೋಸೆಹಿಟ್ಟು, ಐಸು ಯಾವುದೂ ಬೇಡ. ಹರಿಯುವ ತಣ್ಣೀರು, ಇಪ್ಪತ್ತು ನಿಮಿಷ. ಇಪ್ಪತ್ತು ನಿಮಿಷ ನಲ್ಲಿ ಕೆಳಗೆ ಕೈ ಹಿಡಿಯುವುದು ಎಷ್ಟು ದೀರ್ಘ ಎಂದು ಹಿಡಿದವರಿಗೇ ಗೊತ್ತು.

ಕೊನೆಗೊಂದು ಡಬ್ಬಿ. 2003ರಲ್ಲಿ ಲಂಡನ್ನಿನ ಸದರ್ಕ್‌ನಲ್ಲಿ ರೋಮನ್ ಕಾಲದ ದೇವಾಲಯದ ಜಾಗ ಅಗೆಯುವಾಗ ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ತವರದ ಡಬ್ಬಿ ಸಿಕ್ಕಿತು. ಮುಚ್ಚಳ ಬಿಗಿಯಾಗಿತ್ತು. ತೆಗೆದರೆ ಒಳಗೆ ಬಿಳಿ ಕ್ರೀಮು, ಇನ್ನೂ ಮೆತ್ತಗೆ, ಗಂಧಕದಂಥ ನಾತ. ಬ್ರಿಸ್ಟಲ್ ವಿಶ್ವವಿದ್ಯಾಲಯದ ರಿಚರ್ಡ್ ಎವರ್‌ಶೆಡ್ ತಂಡ ಪರೀಕ್ಷಿಸಿ, ಅದು ದನ ಅಥವಾ ಕುರಿಯ ಕೊಬ್ಬು, ಗಂಜಿಪಿಷ್ಟ, ತವರದ ಆಕ್ಸೈಡು ಎಂದು 2004ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆಯಿತು. ಅದೇ ಪಾಕದಲ್ಲಿ ಹೊಸದಾಗಿ ಮಾಡಿ ಹಚ್ಚಿಯೂ ನೋಡಿದರು: ಮೊದಲು ಜಿಡ್ಡು, ಕೊಬ್ಬು ಕರಗಿದ ಮೇಲೆ ಪೌಡರಿನ ನುಣುಪು. ಆ ಕಾಲದಲ್ಲಿ ಮುಖದ ಬಿಳುಪಿಗೆ ಸೀಸ ಬಳಿಯುವುದು ರೂಢಿಯಾಗಿದ್ದರೂ ಈ ಡಬ್ಬಿಯವರು ಬಿಳುಪಿಗೆ ತವರವನ್ನು ಬಳಸಿದ್ದರು. ಮುಚ್ಚಳದ ಒಳಮೈಗೆ ಒಂದಿಷ್ಟು ಕ್ರೀಮು ಮೆತ್ತಿತ್ತು. ಅದರ ಮೇಲೆ, ಸುಮಾರು 1,800 ವರ್ಷಗಳ ಹಿಂದೆ ಯಾರೋ ಎರಡು ಬೆರಳಲ್ಲಿ ಗೋರಿ ತೆಗೆದ ಗೀರುಗಳು ಹಾಗೇ ಉಳಿದಿದ್ದವು.